ಬಸುರಿಯ ವಾಂತಿ: ಮಂಡಕ್ಕಿ ಡಬ್ಬಿಯಿಂದ ಡ್ರಿಪ್‌ವರೆಗೆ

“ಮುಟ್ಟು ನಿಂತು ಹದಿನೈದು ದಿನವಾಯಿತು. ಅನ್ನದ ಎಸರು ಉಕ್ಕುವ ವಾಸನೆಗೇ ಹೊಟ್ಟೆ ತೊಳಸುತ್ತದೆ. ಬೆಳಿಗ್ಗೆ ಮಾತ್ರ ಎಂದುಕೊಂಡಿದ್ದೆ, ಸಂಜೆಯೂ ಬಿಡುವುದಿಲ್ಲ. ಏನು ತಿನ್ನಲಿ?”

ಹೆಸರು ಬೇರೆ, ಊರು ಬೇರೆ, ಪ್ರಶ್ನೆ ಮಾತ್ರ ಇದೇ. ತೀರ್ಥಹಳ್ಳಿ, ಹೊಸನಗರ ತಾಲ್ಲೂಕುಗಳ ಉಪಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯಾಗಿ, ಊರವರ ಬಾಯಲ್ಲಿ ‘ನರ್ಸಮ್ಮ’ನಾಗಿ ದುಡಿದವಳು ನಾನು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಾನು ವೈದ್ಯೆಯಲ್ಲ. ಮಾತ್ರೆಯ ವಿಷಯ ಬಂದಾಗ ಅದು ಏನು, ಏಕೆ ಎಂದು ಹೇಳುತ್ತೇನೆ. ಬರೆದುಕೊಡಬೇಕಾದವರು ನಿಮ್ಮ ವೈದ್ಯರೇ.

ವಾಂತಿಯನ್ನು ಪೂರ್ತಿ ನಿಲ್ಲಿಸುವ ಮದ್ದು ಹುಡುಕುತ್ತ ಇದನ್ನು ಓದಲು ಕೂತಿದ್ದರೆ ನಿರಾಸೆಯಾಗುತ್ತದೆ. ನಾವು ಕಾಯಬೇಕಾದದ್ದು ಮೈಯೊಳಗಿನ ನೀರನ್ನು. ಮೊದಲ ತಿಂಗಳುಗಳಲ್ಲಿ ನಾಲ್ಕು ದಿನ ಊಟ ಸರಿಹೋಗದಿದ್ದರೆ ಮಗುವಿಗೆ ತೊಂದರೆಯಾಗುವುದು ಅಪರೂಪ. ಆದರೆ ಕುಡಿದ ನೀರು ಒಂದು ದಿನ ನಿಲ್ಲದಿದ್ದರೆ ತಾಯಿ ಬಾಡಿಹೋಗುತ್ತಾಳೆ. ಮುಂದೆ ಹೇಳುವುದೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ.

ಇದು ಏಕೆ ಆಗುತ್ತದೆ

ನೂರು ಗರ್ಭಿಣಿಯರಲ್ಲಿ ಸುಮಾರು 70ರಿಂದ 80 ಮಂದಿಗೆ ವಾಕರಿಕೆಯೋ ವಾಂತಿಯೋ ಎರಡೂ ಸೇರಿಯೋ ಕಾಣಿಸಿಕೊಳ್ಳುತ್ತದೆ. ‘ಬೆಳಗಿನ ವಾಂತಿ’ ಎಂಬ ಹೆಸರು ಯಾರು ಇಟ್ಟರೋ, ಅದು ದಿನದ ಯಾವ ಹೊತ್ತಿಗಾದರೂ ಬರುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೇ ಕಾಡುವವರೂ ಇದ್ದಾರೆ.

ಬಸುರಾದ ಕೂಡಲೇ ಏರುವ ಎಚ್‌ಸಿಜಿ ಎಂಬ ಹಾರ್ಮೋನೇ ಇದಕ್ಕೆ ಕಾರಣವೆಂದು ಬಹಳ ಕಾಲ ಹೇಳುತ್ತಿದ್ದರು. (ಹಾರ್ಮೋನ್ ಎಂದರೆ ರಕ್ತದಲ್ಲಿ ಸಂಚರಿಸಿ ಅಂಗಗಳಿಗೆ ಸಂದೇಶ ಒಯ್ಯುವ ರಾಸಾಯನಿಕ. ಮೂತ್ರದ ಪಟ್ಟಿಯಲ್ಲಿ ಎರಡು ಗೆರೆ ಮೂಡಿಸುವುದು ಇದೇ ಎಚ್‌ಸಿಜಿ.) 2023ರ ಡಿಸೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ಮತ್ತೊಂದು ಹಾರ್ಮೋನಿನ ಕಡೆ ಬೆರಳು ತೋರಿಸಿತು. ಅದರ ಹೆಸರು ಜಿಡಿಎಫ್15. ಬೆಳೆಯುತ್ತಿರುವ ಮಗು ಮತ್ತು ಮಾಸು, ಅಂದರೆ ಮಗುವಿಗೆ ಆಹಾರ ಒದಗಿಸುವ, ಹೆರಿಗೆಯ ನಂತರ ಹೊರಬೀಳುವ ಅಂಗ, ಇದನ್ನು ತಾಯಿಯ ರಕ್ತಕ್ಕೆ ಬಿಡುತ್ತವೆ. ಬಸುರಾಗುವ ಮೊದಲು ಯಾರ ಮೈಯಲ್ಲಿ ಇದು ಕಡಿಮೆ ಇತ್ತೋ ಅವರಿಗೆ ಈ ದಿಢೀರ್ ಏರಿಕೆ ಸಹಿಸಲಾಗದೆ ವಾಂತಿ ಜೋರಾಗುತ್ತದೆ. ಮೊದಲಿನಿಂದಲೂ ಹೆಚ್ಚಿದ್ದವರಿಗೆ ಅಷ್ಟು ತಟ್ಟುವುದಿಲ್ಲ.

ಇದನ್ನು ಇಷ್ಟು ಉದ್ದ ಬರೆದದ್ದಕ್ಕೆ ಕಾರಣವಿದೆ. “ನಾನು ಆರು ಹೆತ್ತೆ, ಕೊನೆಯವರೆಗೂ ಗದ್ದೆಗಿಳಿದೆ, ಈಗಿನವರಿಗೆ ತಾಳ್ಮೆಯೇ ಇಲ್ಲ” ಎಂಬ ಮಾತು ನಮ್ಮ ಮನೆಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಹೇಳುವವರ ಮೈಯ ರಸಾಯನ ಬೇರೆ, ಸೊಸೆಯದು ಬೇರೆ. ಇದರಲ್ಲಿ ತಾಳ್ಮೆಯ ಪ್ರಶ್ನೆಯೇ ಬರುವುದಿಲ್ಲ.

ವಾಂತಿ ಹೆಚ್ಚಾದರೆ ಹೆಣ್ಣು, ಮಗುವಿಗೆ ತಲೆಗೂದಲು ದಟ್ಟ ಎಂಬ ಲೆಕ್ಕಾಚಾರಗಳನ್ನು ಅಡುಗೆಮನೆಯಲ್ಲೇ ಬಿಟ್ಟುಬಿಡಿ. ಆಸ್ಪತ್ರೆಗೆ ಬಂದು ಆ ಪ್ರಶ್ನೆ ಕೇಳಬೇಡಿ. 1994ರ ಕಾಯ್ದೆಯ ಪ್ರಕಾರ ಭ್ರೂಣದ ಲಿಂಗ ತಿಳಿಸುವುದೂ ಅಪರಾಧ, ತಿಳಿಯಲು ಹೊರಡುವುದೂ ಅಪರಾಧ. ವಾಂತಿಯೇ ಇಲ್ಲವೆಂದು ಹೆದರುವವರೂ ಉಂಟು. ಏನೂ ಕಾಡದೆ ಆರೋಗ್ಯವಾದ ಮಗು ಹೆತ್ತವರು ಬೇಕಾದಷ್ಟಿದ್ದಾರೆ.

ಮನೆಯಲ್ಲಿ ಹೊಂದಿಸಿಟ್ಟುಕೊಳ್ಳಬೇಕಾದವು

ಬಿಗಿಯಾದ ಮುಚ್ಚಳದ ಒಂದು ಡಬ್ಬಿ, ಅಳತೆ ಗೊತ್ತಿರುವ ಒಂದು ಚೊಂಬು ಅಥವಾ ಬಾಟಲಿ, ಆಶಾ ಕಾರ್ಯಕರ್ತೆಯ ಬಳಿ ಸಿಗುವ ಓಆರ್‌ಎಸ್ ಪೊಟ್ಟಣ ನಾಲ್ಕು, ಅಡುಗೆ ಸೋಡ, ಒಂದು ಹಳೆಯ ಕ್ಯಾಲೆಂಡರ್, ಪೆನ್ನು. ತೂಕ ನೋಡುವ ಯಂತ್ರ ಮನೆಯಲ್ಲಿರಬೇಕೆಂದಿಲ್ಲ, ಅಂಗನವಾಡಿಯದೋ ಉಪಕೇಂದ್ರದ್ದೋ ಸಾಕು. ಆದರೆ ಪ್ರತಿ ಸಲ ಒಂದೇ ಯಂತ್ರ ಇರಲಿ.

1. ವಾರ ಎಣಿಸಿ, ತೂಕ ಬರೆದಿಡಿ

ಬಸುರಿನ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಆ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸಾಮಾನ್ಯವಾಗಿ 4ರಿಂದ 6ನೆಯ ವಾರದಲ್ಲಿ ವಾಕರಿಕೆ ಶುರುವಾಗುತ್ತದೆ, 9ನೆಯ ವಾರದ ಆಸುಪಾಸಿನಲ್ಲಿ ಅತಿ ಹೆಚ್ಚು ಕಾಡುತ್ತದೆ, 12ರಿಂದ 16ರ ಹೊತ್ತಿಗೆ ಹೆಚ್ಚಿನವರಿಗೆ ಇಳಿಯುತ್ತದೆ. ಕೆಲವರಿಗೆ 20 ವಾರ ದಾಟಿಯೂ ಉಳಿಯುವುದುಂಟು.

ಎಡವುವುದು ಇಲ್ಲಿ: 9 ವಾರದವರೆಗೆ ಏನೂ ಇಲ್ಲದೆ, ಆಮೇಲೆ ಮೊದಲ ಬಾರಿಗೆ ವಾಂತಿ ಶುರುವಾದರೆ ಅದನ್ನು ಬಸುರಿನ ಲೆಕ್ಕಕ್ಕೆ ಬರೆಯಬೇಡಿ. ಮೂತ್ರದ ಸೋಂಕು, ಹೊಟ್ಟೆಯ ಹುಣ್ಣು, ಕಾಮಾಲೆ, ಥೈರಾಯ್ಡ್, ಯಾವುದಾದರೂ ಇರಬಹುದು. ಪರೀಕ್ಷೆಯಾಗಬೇಕು.

ತೂಕವನ್ನು ವಾರಕ್ಕೊಮ್ಮೆ ಅದೇ ಕ್ಯಾಲೆಂಡರಿನಲ್ಲಿ ಬರೆಯಿರಿ. ಬಸುರಿಗೆ ಮುಂಚಿನ ತೂಕದ ನೂರಕ್ಕೆ ಐದು ಪಾಲು ಇಳಿದರೆ ಅದು ಎಚ್ಚರಿಕೆಯ ಗಂಟೆ. ಐವತ್ತು ಕಿಲೋ ಇದ್ದವರಿಗೆ ಎರಡೂವರೆ ಕಿಲೋ, ನಲವತ್ತು ಕಿಲೋದವರಿಗೆ ಎರಡೇ ಕಿಲೋ. ನಮ್ಮ ಕಡೆಯ ಹೆಣ್ಣುಮಕ್ಕಳು ಮೊದಲೇ ಸಣ್ಣಗಿರುವುದರಿಂದ ಈ ಎರಡು ಕಿಲೋ ಕಣ್ಣಿಗೆ ಕಾಣುವುದೇ ಇಲ್ಲ. ಬರೆದಿಟ್ಟರೆ ಮಾತ್ರ ಕಾಣುತ್ತದೆ.

2. ಹಾಸಿಗೆ ಬಿಡುವ ಮುನ್ನವೇ ಬಾಯಿಗೆ ಏನಾದರೂ ಬೀಳಲಿ

ರಾತ್ರಿಯ ಊಟದಿಂದ ಬೆಳಗಿನವರೆಗೆ ಹೊಟ್ಟೆ ಖಾಲಿ. ಆ ಖಾಲಿ ಹೊಟ್ಟೆಯಲ್ಲಿ ತಟಕ್ಕನೆ ಎದ್ದು ಬಚ್ಚಲಿಗೋ ಕೊಟ್ಟಿಗೆಗೋ ಹೊರಟರೆ ವಾಕರಿಕೆ ಎದ್ದೇಳುತ್ತದೆ. ಎಲ್ಲರೂ ‘ಬಿಸ್ಕತ್ತು ತಿನ್ನಿ’ ಎನ್ನುತ್ತಾರೆ. ನನ್ನ ಮತ ಮಂಡಕ್ಕಿಗೆ. ಬಿಸ್ಕತ್ತಿನ ಸಿಹಿಯೂ ಡಾಲ್ಡಾ ವಾಸನೆಯೂ ಹಲವರಿಗೆ ಮೂರನೆಯ ದಿನಕ್ಕೇ ಬೇಡವಾಗುತ್ತದೆ. ಮಂಡಕ್ಕಿಗೆ ವಾಸನೆಯೇ ಇಲ್ಲ, ಸ್ವಲ್ಪ ಉಪ್ಪೂ ಇರುತ್ತದೆ. ಭತ್ತದ ಅರಳು, ಹುರಿದ ಗಟ್ಟಿ ಅವಲಕ್ಕಿಯೂ ಆಗುತ್ತದೆ.

ಮಲೆನಾಡಿನ ಒಂದು ತೊಂದರೆಯೆಂದರೆ ಥಂಡಿ. ಜುಲೈ ತಿಂಗಳಲ್ಲಿ ಮಂಡಕ್ಕಿಯನ್ನು ಕಾಗದದ ಪೊಟ್ಟಣದಲ್ಲೇ ಬಿಟ್ಟರೆ ಸಂಜೆಯೊಳಗೆ ಬೆಂಡಾಗಿ ಹಲ್ಲಿಗೆ ಅಂಟುತ್ತದೆ, ಆ ಮೆತ್ತಗಿನ ಸ್ಪರ್ಶಕ್ಕೇ ವಾಕರಿಕೆ ಬರುತ್ತದೆ. ಬಾಣಲೆಯಲ್ಲಿ ಗರಿಯಾಗುವವರೆಗೆ ಬೆಚ್ಚಗೆ ಮಾಡಿ, ಆರಿಸಿ, ಡಬ್ಬಿಗೆ ತುಂಬಿ ತಲೆದಿಂಬಿನ ಪಕ್ಕ ಇಡಿ. ಈ ಕೆಲಸ ಬೇರೆಯವರು ಮಾಡಲಿ, ಹುರಿಯುವ ವಾಸನೆ ನಿಮಗೆ ತಟ್ಟಬಾರದು.

ಎಚ್ಚರವಾದ ಮೇಲೆ ಮಲಗಿದಲ್ಲೇ ಒಂದು ಹಿಡಿಯಷ್ಟನ್ನು ನಿಧಾನವಾಗಿ ಅಗಿಯಿರಿ. ನೀರು ಬೇಡ. ಕಾಲು ಗಂಟೆ ಬಿಟ್ಟು ಮಗ್ಗುಲಿಗೆ ಹೊರಳಿ, ಕೂತು, ಆಮೇಲೆ ಏಳಿ. ಮೊದಲ ದಿನವೇ ಫಲ ಕಾಣದಿದ್ದರೆ ಬಿಡಬೇಡಿ, ಒಂದು ವಾರ ನೋಡಿ. ಹಲ್ಲುಜ್ಜುವಾಗ ವಾಕರಿಸುವವರು ಬ್ರಷ್ಷನ್ನು ಇನ್ನೊಂದು ಗಂಟೆ ಮುಂದೂಡಿ, ಪೇಸ್ಟ್ ಕಡಿಮೆ ಹಾಕಿ. ನಾಲಿಗೆ ಉಜ್ಜುವ ಪಟ್ಟಿಗೆ ಮೂರು ತಿಂಗಳು ರಜೆ ಕೊಡಿ.

3. ಊಟವನ್ನು ಆರು ಪಾಲು ಮಾಡಿ

ಮೂರು ಹೊತ್ತಿನ ಊಟವನ್ನು ಮರೆತು, ಎರಡೆರಡು ಗಂಟೆಗೊಮ್ಮೆ ಒಂದು ಮುಷ್ಟಿಯಷ್ಟು ತಿನ್ನಿ. ಹೊಟ್ಟೆ ಪೂರ್ತಿ ಖಾಲಿಯಾಗಲೂ ಬಾರದು, ಬಿಗಿಯಲೂ ಬಾರದು.

ಬಿಸಿ ಅಡುಗೆಗಿಂತ ತಣ್ಣಗಿನದು ಒಗ್ಗುತ್ತದೆ, ಏಕೆಂದರೆ ಅದಕ್ಕೆ ವಾಸನೆ ಕಡಿಮೆ. ಈ ವಿಷಯದಲ್ಲಿ ಮಲೆನಾಡಿನ ಅಡುಗೆಮನೆ ಪುಣ್ಯವಂತವಾದದ್ದು. ನಮಗೆ ತಂಬುಳಿ ಇದೆ. ಶುಂಠಿಯದೋ ನೆಲ್ಲಿಕಾಯಿಯದೋ ತಂಬುಳಿ ಮಾಡಿ, ಒಗ್ಗರಣೆ ಬೇಡವೆಂದು ಹೇಳಿ, ಆರಿದ ಅನ್ನಕ್ಕೆ ಕಲಸಿಕೊಳ್ಳಿ. ಕುಚ್ಚಲಕ್ಕಿ ಗಂಜಿ, ನೀರುದೋಸೆ, ಉಗಿಯಲ್ಲಿ ಬೆಂದ ಕಡುಬು ಸಾಮಾನ್ಯವಾಗಿ ನಿಲ್ಲುತ್ತವೆ. ಎಣ್ಣೆಯಲ್ಲಿ ಕರಿದದ್ದು, ಮಸಾಲೆ ಸಾರು, ಒಣಮೀನು ನಿಲ್ಲುವುದಿಲ್ಲ. ಹೆಸರುಬೇಳೆ ತೊವ್ವೆ, ಮೊಸರು, ಹುರಿಗಡಲೆ, ತಿನ್ನುವವರಾದರೆ ಚೆನ್ನಾಗಿ ಬೆಂದ ಮೊಟ್ಟೆ, ಇವುಗಳಲ್ಲಿ ಒಂದಾದರೂ ದಿನಕ್ಕೆ ಎರಡು ಸಲ ಹೊಟ್ಟೆಗೆ ಹೋಗಲಿ. ಬರೀ ಅಕ್ಕಿಯ ಪದಾರ್ಥಕ್ಕಿಂತ ಇಂಥ ಪ್ರೋಟೀನ್ ಇರುವ ಆಹಾರ ವಾಕರಿಕೆಯನ್ನು ಹೆಚ್ಚು ಹೊತ್ತು ತಡೆಯುತ್ತದೆ.

ಅಪ್ಪೆಮಿಡಿಯ ವಿಷಯ ಕೇಳದವರಿಲ್ಲ. ಗಂಜಿಯ ಜೊತೆ ಒಂದು ಮಿಡಿ ಚೀಪಿದರೆ ಬಾಯಿಗೆ ರುಚಿ ಬರುತ್ತದೆ, ಗಂಜಿಯೂ ಇಳಿಯುತ್ತದೆ. ಅಷ್ಟಕ್ಕೆ ನನ್ನದೇನೂ ತಕರಾರಿಲ್ಲ. ಊಟ ಬಿಟ್ಟು ಉಪ್ಪಿನಕಾಯಿಯ ರಸವನ್ನೇ ನೆಕ್ಕುತ್ತ ಕೂತರೆ ಎದೆಯುರಿ ಶುರುವಾಗಿ, ಆ ಉರಿಗೇ ಮತ್ತೆ ವಾಂತಿಯಾಗುತ್ತದೆ.

ಬಯಕೆ ಎಂದು ಗೋಡೆಯ ಸುಣ್ಣ, ಒಲೆಯ ಬೂದಿ, ಮಣ್ಣು, ಬಳಪ ತಿನ್ನಬೇಕೆನಿಸಿದರೆ ಮುಚ್ಚಿಡಬೇಡಿ. ಅದು ಹಲವು ಸಲ ರಕ್ತಹೀನತೆಯ ಗುರುತು. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

4. ನೀರಿನ ಲೆಕ್ಕ ಇಡಿ

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವ ಹಂತವಿದು. ನಮ್ಮ ಕಡೆ ಸೆಖೆ ಕಡಿಮೆ, ಮಳೆಗಾಲದಲ್ಲಂತೂ ಬಾಯಾರುವುದೇ ಇಲ್ಲ. ‘ನೀರು ಕುಡಿದೆಯಾ’ ಎಂದರೆ ‘ಕುಡಿದೆ’ ಎನ್ನುತ್ತಾರೆ, ಎಷ್ಟೆಂದರೆ ಗೊತ್ತಿಲ್ಲ. ಬೆಳಿಗ್ಗೆ ಒಂದು ಲೀಟರ್ ಹಿಡಿಯುವ ಪಾತ್ರೆ ತುಂಬಿ ಕಣ್ಣಿಗೆ ಬೀಳುವಲ್ಲಿಡಿ. ಮಧ್ಯಾಹ್ನದೊಳಗೆ ಅದು ಖಾಲಿಯಾಗಬೇಕು, ಸಂಜೆಯೊಳಗೆ ಇನ್ನೊಂದು. ಗಂಜಿ ತಿಳಿ, ಮಜ್ಜಿಗೆ, ಎಳನೀರು, ತಿಳಿಸಾರು, ನಿಂಬೆ ಪಾನಕ, ಮುರುಗಲು ಹಣ್ಣಿನ ಪಾನಕ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಕಾಫಿಯನ್ನು ಎರಡು ಸಣ್ಣ ಲೋಟಕ್ಕೆ ನಿಲ್ಲಿಸಿ, ಖಾಲಿ ಹೊಟ್ಟೆಗೆ ಬೇಡ.

ಕುಡಿಯುವ ರೀತಿಯೂ ಮುಖ್ಯ. ಊಟದ ಜೊತೆ ಕುಡಿಯಬೇಡಿ. ಅರ್ಧ ಗಂಟೆ ಮೊದಲು ಅಥವಾ ಅರ್ಧ ಗಂಟೆ ನಂತರ ಕುಡಿಯಿರಿ. ವಾಂತಿಯಾದ ಕೂಡಲೇ ಗಟಗಟನೆ ಒಂದು ಲೋಟ ಕುಡಿಯುವುದು ಎಲ್ಲರೂ ಮಾಡುವ ತಪ್ಪು, ಅದು ಹಾಗೆಯೇ ಹೊರಗೆ ಬರುತ್ತದೆ. ಕಾಲು ಗಂಟೆ ಸುಮ್ಮನೆ ಕೂತು, ಆಮೇಲೆ ಐದು ನಿಮಿಷಕ್ಕೊಮ್ಮೆ ಎರಡು ಚಮಚದಂತೆ ಶುರು ಮಾಡಿ. ಅರ್ಧ ಗಂಟೆ ನಿಂತರೆ ಗುಟುಕಿಗೆ ಏರಿಸಿ.

ದಿನಕ್ಕೆ ನಾಲ್ಕೈದು ಸಲ ವಾಂತಿಯಾಗುತ್ತಿದ್ದರೆ ಓಆರ್‌ಎಸ್ ಬೇಕು. ಕಳೆದುಹೋದ ನೀರು, ಲವಣಗಳನ್ನು ಮರಳಿ ಕೊಡುವ ಪುಡಿ ಅದು. ದೊಡ್ಡ ಪೊಟ್ಟಣಕ್ಕೆ ಕುದಿಸಿ ಆರಿಸಿದ ನೀರು ಸರಿಯಾಗಿ ಒಂದು ಲೀಟರ್. ಪೊಟ್ಟಣದ ಮೇಲೆ ಬರೆದ ಅಳತೆ ಓದಿಕೊಳ್ಳಿ, ಸಣ್ಣವೂ ಬರುತ್ತವೆ. ಲೋಟಕ್ಕೆ ಒಂದು ಚಿಟಿಕೆಯಂತೆ ಅಂದಾಜಿನಲ್ಲಿ ಕಲಸುವುದು ತಪ್ಪು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದರೆ ಚೆಲ್ಲಿ. ಅಂಗಡಿಯಲ್ಲಿ ಹಣ್ಣಿನ ಚಿತ್ರ ಹಾಕಿ ಪೊಟ್ಟಣದಲ್ಲಿ ಮಾರುವ ಸಿಹಿ ಪಾನೀಯ ಓಆರ್‌ಎಸ್ ಆಗುವುದಿಲ್ಲ. ಪುಡಿ ಸಿಗದ ದಿನ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಿಕೊಳ್ಳಿ.

ಸಾಕಷ್ಟು ಕುಡಿದಿದ್ದೀರೋ ಇಲ್ಲವೋ ಎಂದು ಮೂತ್ರವೇ ಹೇಳುತ್ತದೆ. ತಿಳಿ ಹುಲ್ಲಿನ ಬಣ್ಣವಾದರೆ ಸರಿ. ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಎಂಟು ಗಂಟೆ ಕಳೆದರೂ ಬಾರದಿದ್ದರೆ ಏಳನೆಯ ಹಂತಕ್ಕೆ ಹೋಗಿ.

ವಾಂತಿಯ ಹುಳಿ ಹಲ್ಲನ್ನು ತಿನ್ನುತ್ತದೆ. ಆದ ಕೂಡಲೇ ಉಜ್ಜಬೇಡಿ, ಮೆತ್ತಗಾದ ಹಲ್ಲಿನ ಪದರ ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡ ಹಾಕಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ.

5. ಕಾಡುವ ವಾಸನೆಯನ್ನು ಹಿಡಿದುಹಾಕಿ

ಮೂರು ದಿನ, ವಾಕರಿಕೆ ಬಂದಾಗಲೆಲ್ಲ ಎಲ್ಲಿದ್ದಿರಿ, ಏನು ವಾಸನೆಯಿತ್ತು ಎಂದು ಬರೆದಿಡಿ. ಪೇಟೆಯವರಿಗೆ ಅದು ಪೆಟ್ರೋಲ್, ಸೆಂಟು ಎಂದಿರುತ್ತದೆ. ನಮ್ಮಲ್ಲಿ ಪಟ್ಟಿ ಬೇರೆ: ಗಂಜಲ, ಹಸಿ ಸೌದೆಯ ಹೊಗೆ, ಬಚ್ಚಲ ಒಲೆ, ಮಳೆಗಾಲದಲ್ಲಿ ನಾಲ್ಕು ದಿನ ಒಣಗದ ಬಟ್ಟೆಯ ಮುಗ್ಗಲು. ಅಡಿಕೆ ಕೊಯ್ಲಿನ ಕಾಲವಾದರೆ ಅಂಗಳದ ಹಂಡೆಯಲ್ಲಿ ಅಡಿಕೆ ಬೇಯುವಾಗ ಏಳುವ ಚೊಗರಿನ ಆವಿ. ಅದೊಂದು ಮೂಗಿಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಅಡಿಕೆ ಸುಲಿಯಲು ಮೆಟ್ಟುಕತ್ತಿಯ ಮುಂದೆ ಕೂತವಳು ಎರಡೆರಡು ಸಲ ಎದ್ದು ಹಿತ್ತಿಲಿಗೆ ಓಡಿ, ಬಾಯಿ ತೊಳೆದು, ಮತ್ತೆ ಬಂದು ಅದೇ ಜಾಗದಲ್ಲಿ ಕೂರುವುದನ್ನು ನೋಡಿದ್ದೇನೆ. ಯಾರೂ ಅವಳನ್ನು ಏಳು ಎನ್ನಲಿಲ್ಲ. ಕೂತ ಜಾಗ ಬದಲಿಸಿ ಗಾಳಿ ಬರುವ ಕಡೆ ಹಾಕಿದ್ದರೂ ಅರ್ಧ ಕಷ್ಟ ತಪ್ಪುತ್ತಿತ್ತು.

ಹಾಗಾಗಿ ಈ ಭಾಗವನ್ನು ಮನೆಯವರೂ ಓದಲಿ. ಕೊಯ್ಲಿನ ತಿಂಗಳಲ್ಲಿ ಅವಳ ಹಾಸಿಗೆ ಅಂಗಳದ ಕಡೆಯ ಕೋಣೆಯಲ್ಲಿ ಬೇಡ. ಕೊಟ್ಟಿಗೆ ಕೆಲಸ ನಾಲ್ಕು ತಿಂಗಳು ಬೇರೆಯವರಿಗಿರಲಿ. ಒಗ್ಗರಣೆ ಹಾಕುವಾಗ ಅವಳು ಜಗುಲಿಯಲ್ಲಿರಲಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ, ಹೊಡೆದು ಬಂದವರು ಬಟ್ಟೆಯನ್ನು ಹೊರಗೇ ಕಳಚಿ, ಸ್ನಾನ ಮಾಡಿ ಒಳಗೆ ಬರಲಿ. ಆ ಬಟ್ಟೆಯನ್ನು ಒಗೆಯುವುದು ಬಸುರಿಯ ಪಾಲಿಗೆ ಬರಬಾರದು. ಅವಳ ಬಟ್ಟೆ, ಹೊದಿಕೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಮುಗ್ಗಲು ಹೋಗಿ ಹೊಗೆ ಹತ್ತುತ್ತದೆ, ಅದೂ ಕಷ್ಟವೇ. ಬಿಸಿಲು ಬಿದ್ದ ದಿನ ಮೊದಲು ಒಣಗಬೇಕಾದದ್ದು ಅವಳವು.

ಎಲ್ಲವನ್ನೂ ತಪ್ಪಿಸಲಾಗದು. ಆಗ ಕೈಯಲ್ಲೊಂದು ಸಮಾಧಾನದ ವಾಸನೆ ಇರಲಿ. ಗಜನಿಂಬೆಯ ಎಲೆ, ಕತ್ತರಿಸಿದ ನಿಂಬೆ, ಜಜ್ಜಿದ ಶುಂಠಿ, ನಿಮಗೆ ಯಾವುದು ಹಿತವೋ ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಳ್ಳಿ.

6. ಮದ್ದುಗಳು: ಶುಂಠಿಯಿಂದ ಮಾತ್ರೆಯವರೆಗೆ

ಶುಂಠಿಯಿಂದ ವಾಕರಿಕೆ ಸ್ವಲ್ಪ ಕಡಿಮೆಯಾಗುತ್ತದೆಂದು ಅಧ್ಯಯನಗಳೂ ಹೇಳುತ್ತವೆ. ದಿನಕ್ಕೆ ಒಣಶುಂಠಿ ಪುಡಿ ಸುಮಾರು ಒಂದು ಗ್ರಾಂ, ಅಂದರೆ ಅರ್ಧ ಟೀ ಚಮಚ, ಅದೂ ಮೂರು ನಾಲ್ಕು ಪಾಲಾಗಿ. ಹಸಿ ಶುಂಠಿಯಾದರೆ ತುರಿದದ್ದು ಒಂದು ಟೀ ಚಮಚ. ಹೆಚ್ಚಾದರೆ ಎದೆ ಉರಿಯುತ್ತದೆ. ಹಿತ್ತಿಲ ಶುಂಠಿ ಒಳ್ಳೆಯದು. ಸಾಗರ, ಸೊರಬ, ಶಿಕಾರಿಪುರ ಕಡೆಯ ಹೊಲಗಳಿಂದ ಬರುವುದಕ್ಕೆ ಔಷಧಿ ಹೊಡೆದಿರುತ್ತಾರೆ, ಚೆನ್ನಾಗಿ ತೊಳೆದು ಸಿಪ್ಪೆ ಹೆರೆಯಿರಿ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಬಳಸಬೇಕು. ಜೀರಿಗೆ ಕಷಾಯ ತೆಳ್ಳಗೆ ಕುಡಿಯಬಹುದು. ಹೆಸರು ಹೇಳದ ಬೇರು, ತೊಗಟೆಯ ನಾಟಿ ಔಷಧಿ ಮಾತ್ರ ಈ ಮೂರು ತಿಂಗಳು ಬೇಡವೇ ಬೇಡ.

ಮಣಿಕಟ್ಟಿನ ಒಳಭಾಗದ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳಗಲ ಬಿಟ್ಟರೆ, ಎರಡು ನರದಂಥ ಹುರಿಗಳ ನಡುವೆ ಒಂದು ಬಿಂದು ಸಿಗುತ್ತದೆ. ಅಲ್ಲಿ ಹೆಬ್ಬೆರಳಿನಿಂದ ಎರಡು ಮೂರು ನಿಮಿಷ ಒತ್ತಿದರೆ ಕೆಲವರಿಗೆ ಹಿತವೆನಿಸುತ್ತದೆ. ಎಲ್ಲರಿಗೂ ಅಲ್ಲ. ಖರ್ಚಿಲ್ಲ, ಅಪಾಯವಿಲ್ಲ, ನೋಡಬಹುದು.

ಇನ್ನು ಎಲೆ ಅಡಿಕೆ. ಬಾಯಲ್ಲಿ ನೀರೂರುವುದು ನಿಲ್ಲುತ್ತದೆಂದು ಕವಳ ಹಾಕುವ ಬಸುರಿಯರು ನಮ್ಮಲ್ಲಿ ಕಡಿಮೆಯಿಲ್ಲ, ಜೊತೆಗೆ ಚೂರು ಕಡ್ಡಿಪುಡಿಯೂ ಸೇರುತ್ತದೆ. ಅಡಿಕೆಯೇ ನಮಗೆ ಅನ್ನ ಕೊಡುವುದು, ಆದರೂ ಹೇಳಲೇಬೇಕು: ಬಸುರಿನಲ್ಲಿ ಅಡಿಕೆ ಜಗಿಯುವವರ ಮಕ್ಕಳು ಕಡಿಮೆ ತೂಕದಲ್ಲಿ ಹುಟ್ಟುವ ಸಂಭವ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದೆ. ತಂಬಾಕಿನ ಬಗ್ಗೆ ಹೇಳುವುದೇ ಬೇಡ. ಬಾಯಿಗೆ ಲವಂಗ, ಏಲಕ್ಕಿ, ಒಣ ನೆಲ್ಲಿಕಾಯಿ ಹಾಕಿಕೊಳ್ಳಿ.

ಇಷ್ಟೆಲ್ಲ ಮಾಡಿಯೂ ದಿನದ ಕೆಲಸ ಸಾಗದಿದ್ದರೆ ಮಾತ್ರೆ ಕೇಳಿ. ಮೊದಲು ಕೊಡುವುದು ಸಾಮಾನ್ಯವಾಗಿ ಪಿರಿಡಾಕ್ಸಿನ್, ಅಂದರೆ ಬಿ6 ಜೀವಸತ್ವ; ಅಥವಾ ಅದರ ಜೊತೆ ಡಾಕ್ಸಿಲಮೈನ್ ಸೇರಿದ ಮಾತ್ರೆ. ಎರಡನೆಯದನ್ನು ಹೆಚ್ಚಾಗಿ ರಾತ್ರಿ ಮಲಗುವಾಗ ಕೊಡುತ್ತಾರೆ, ನಿಧಾನವಾಗಿ ಕರಗಿ ಬೆಳಗಿನ ಹೊತ್ತಿಗೆ ಕೆಲಸ ಮಾಡಲೆಂದು. ಅದನ್ನು ಪುಡಿ ಮಾಡಬೇಡಿ, ಅಗಿಯಬೇಡಿ. ವಾಂತಿ ಬಂದ ಮೇಲೆ ನುಂಗುವುದು ಎಲ್ಲರೂ ಮಾಡುವ ತಪ್ಪು. ಹೇಳಿದಷ್ಟು ದಿನ ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೆ ಮಾತ್ರ ಫಲ. ತೂಕಡಿಕೆ ಬರುತ್ತದೆ, ಸ್ಕೂಟರ್ ಓಡಿಸಬೇಡಿ.

‘ಬಸುರಿನಲ್ಲಿ ಮಾತ್ರೆ ನುಂಗಿದರೆ ಮಗುವಿಗೆ ಊನ’ ಎಂಬ ಹಿರಿಯರ ಭಯ ಸುಮ್ಮನೆ ಹುಟ್ಟಿದ್ದಲ್ಲ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೋಮೈಡ್ ಎಂಬ ಮಾತ್ರೆಯನ್ನು ಬಸುರಿಯರ ವಾಕರಿಕೆಗೂ ಕೊಟ್ಟರು. ಸಾವಿರಾರು ಮಕ್ಕಳು ಕೈಕಾಲುಗಳ ಊನದೊಂದಿಗೆ ಹುಟ್ಟಿದವು, 1961ರಲ್ಲಿ ಅದನ್ನು ಹಿಂತೆಗೆದರು. ಡಾಕ್ಸಿಲಮೈನ್‌ಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಆ ಭಯದ ನೆರಳು ಇದರ ಮೇಲೂ ಬಿತ್ತು. ಮೊಕದ್ದಮೆಗಳ ಕಾಟಕ್ಕೆ ತಯಾರಕರು 1983ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂತೆಗೆದರು. ಲಕ್ಷಾಂತರ ಬಸುರಿಯರ ಅನುಭವವನ್ನು ಅಳೆದು ನೋಡಿದ ಮೇಲೆ, ಇವೇ ಎರಡು ಔಷಧಿ ಸೇರಿದ ಮಾತ್ರೆಗೆ 2013ರಲ್ಲಿ ಅಲ್ಲಿನ ಔಷಧ ಆಡಳಿತ ಮತ್ತೆ ಒಪ್ಪಿಗೆ ಕೊಟ್ಟಿತು. ಅತ್ತೆ ಬೇಡವೆಂದರೆ ಈ ಕತೆಯನ್ನು ಸಮಾಧಾನವಾಗಿ ಹೇಳಿ.

ಮೆಡಿಕಲ್ ಶಾಪಿನಲ್ಲಿ ‘ವಾಂತಿಗೆ’ ಎಂದರೆ ಒಂಡಾನ್‌ಸೆಟ್ರಾನ್ ಕೊಟ್ಟುಬಿಡುತ್ತಾರೆ. ಮೊದಲ ಮೂರು ತಿಂಗಳಲ್ಲಿ ಇದರಿಂದ ಸೀಳುತುಟಿ, ಸೀಳು ಅಂಗುಳದ ಸಾಧ್ಯತೆ ಅತಿ ಸ್ವಲ್ಪ ಹೆಚ್ಚುತ್ತದೆಂದು ಕಂಡುಬಂದಿದೆ. ಮಲಬದ್ಧತೆಯೂ ಆಗುತ್ತದೆ. ಬೇರೆಯವು ಸೋತಾಗ ವೈದ್ಯರು ಯೋಚಿಸಿ ಕೊಡುವ ಔಷಧಿ ಅದು. ಈಗಾಗಲೇ ಒಂದೆರಡು ನುಂಗಿದ್ದರೆ ಗಾಬರಿ ಬೇಡ, ಮುಂದಿನ ಭೇಟಿಯಲ್ಲಿ ತಿಳಿಸಿ.

ಫೋಲಿಕ್ ಆಮ್ಲದ ಪುಟ್ಟ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ. ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಈ ವಾರಗಳಲ್ಲೇ. ಬೆಳಿಗ್ಗೆ ನಿಲ್ಲದಿದ್ದರೆ ರಾತ್ರಿ ತೆಗೆದುಕೊಳ್ಳಿ.

7. ಮನೆಮದ್ದು ನಿಲ್ಲಿಸಿ ಹೊರಡಬೇಕಾದ ಹೊತ್ತು

ನೂರರಲ್ಲಿ ಒಬ್ಬಿಬ್ಬರಿಗೆ ವಾಂತಿ ಮಿತಿಮೀರುತ್ತದೆ. ಕಾಗದದ ಮೇಲೆ ‘ಹೈಪರ್‌ಎಮೆಸಿಸ್’ ಎಂದು ಬರೆದಿದ್ದರೆ ಅದು ಇದೇ. ‘ಎಲ್ಲರಿಗೂ ಆಗುವುದೇ’ ಎನ್ನುತ್ತ ಕೂತು ತಡಮಾಡುವುದು ಇವರ ವಿಷಯದಲ್ಲೇ.

ಒಂದು ದಿನವಿಡೀ ಕುಡಿದದ್ದೇನೂ ನಿಲ್ಲದಿದ್ದರೆ, ಎಂಟು ಗಂಟೆ ಮೂತ್ರವಿಲ್ಲದಿದ್ದರೆ, ತೂಕ ಮೇಲೆ ಹೇಳಿದಷ್ಟು ಇಳಿದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ವಾಂತಿಯಲ್ಲಿ ರಕ್ತ ಕಂಡರೆ, ಹೊಟ್ಟೆನೋವೋ ರಕ್ತಸ್ರಾವವೋ ಇದ್ದರೆ, ಜ್ವರವಿದ್ದರೆ, ಅದೇ ದಿನ ಹೊರಡಿ. ಬೆಳಗಾಗಲಿ, ಮಳೆ ನಿಲ್ಲಲಿ ಎನ್ನಬೇಡಿ.

ಜ್ವರದ ಬಗ್ಗೆ ಮಲೆನಾಡಿನವರಿಗೆ ಎರಡು ಮಾತು ಹೆಚ್ಚು ಹೇಳಬೇಕು. ಬಸುರಿನ ವಾಂತಿಯಲ್ಲಿ ಜ್ವರ ಇರುವುದಿಲ್ಲ. ನವೆಂಬರ್, ಡಿಸೆಂಬರ್‌ನಿಂದ ಮೇವರೆಗೆ ಇದ್ದಕ್ಕಿದ್ದಂತೆ ಜ್ವರ ಏರಿ, ತಲೆ ಸಿಡಿದು, ಮೈಕೈ ಮುರಿದಂತಾಗಿ ವಾಂತಿಯೂ ಬಂದರೆ ಮಂಗನ ಕಾಯಿಲೆಯಿರಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ, ಉಣುಗಿನಿಂದ ಹರಡುವ ರೋಗವದು. ಕಾಡಿಗೆ ಸೊಪ್ಪಿಗೋ ತರಗೆಲೆಗೋ ಹೋಗಿದ್ದರೆ, ಮನೆಯವರು ಹೋಗಿ ಬಂದಿದ್ದರೆ, ಹತ್ತಿರದಲ್ಲಿ ಮಂಗ ಸತ್ತಿದ್ದರೆ ವೈದ್ಯರು ಕೇಳುವ ಮೊದಲೇ ಹೇಳಿ. ಮಳೆಗಾಲದ ಜ್ವರವಾದರೆ ಇಲಿಜ್ವರ, ಡೆಂಗಿ. ಕಣ್ಣು ಹಳದಿಯಾದರೆ ಕಾಮಾಲೆ. ಬಸುರಿನಲ್ಲಿ ಕೆಲವು ಬಗೆಯ ಕಾಮಾಲೆ ಪ್ರಾಣಕ್ಕೇ ಎರವಾಗುತ್ತದೆ, ನಾಟಿ ಸೊಪ್ಪಿನ ರಸ ಕುಡಿಸಿ ಕಾಯುವಂತಿಲ್ಲ. 20 ವಾರ ದಾಟಿದ ಮೇಲೆ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವಿನೊಂದಿಗೆ ವಾಂತಿ ಬಂದರೆ ರಕ್ತದೊತ್ತಡ ನೋಡಿಸಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ? ಮೂತ್ರದಲ್ಲಿ ಕೀಟೋನ್ ನೋಡುತ್ತಾರೆ. ಊಟವಿಲ್ಲದೆ ಮೈ ತನ್ನದೇ ಕೊಬ್ಬನ್ನು ಉರಿಸಿಕೊಂಡಾಗ ಹುಟ್ಟುವ ವಸ್ತು ಅದು. ರಕ್ತದ ಲವಣ, ಥೈರಾಯ್ಡ್ ನೋಡುತ್ತಾರೆ. ಅವಳಿ ಮಕ್ಕಳಿದ್ದರೆ, ಅಥವಾ ಭ್ರೂಣದ ಬದಲು ದ್ರಾಕ್ಷಿಗೊಂಚಲಿನಂಥ ಗಡ್ಡೆ ಬೆಳೆದಿದ್ದರೆ ವಾಂತಿ ಹೆಚ್ಚಾಗುವುದರಿಂದ ಸ್ಕ್ಯಾನಿಂಗ್ ಮಾಡುತ್ತಾರೆ. ಆಮೇಲೆ ಡ್ರಿಪ್.

ಡ್ರಿಪ್ ಎಂದರೆ ನಮ್ಮವರಿಗೆ ‘ಗ್ಲುಕೋಸ್ ಬಾಟಲಿ’. ಸುಸ್ತಾದರೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ‘ಒಂದು ಗ್ಲುಕೋಸ್ ಹಾಕಿ’ ಎಂದು ಕೇಳಿ ಹಾಕಿಸಿಕೊಳ್ಳುವ ರೂಢಿ. ವಾರಗಟ್ಟಲೆ ವಾಂತಿಯಾದವರಲ್ಲಿ ಥಯಮಿನ್ ಎಂಬ ಬಿ1 ಜೀವಸತ್ವ ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲುಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗಬಹುದು: ದೃಷ್ಟಿ ಎರಡಾಗುವುದು, ನಡಿಗೆ ತೂರಾಡುವುದು, ಮಾತು ಗೊಂದಲವಾಗುವುದು. ಇಂಥವರಿಗೆ ಮೊದಲು ಬೇಕಾದದ್ದು ಸಲೈನ್, ಅಂದರೆ ಉಪ್ಪುನೀರಿನ ಡ್ರಿಪ್, ಮತ್ತು ಥಯಮಿನ್. ನೀವು ಬಾಟಲಿಯ ಹೆಸರು ಹೇಳಿ ಕೇಳಬೇಡಿ. ‘ಇಷ್ಟು ದಿನದಿಂದ ಊಟ ನಿಂತಿಲ್ಲ, ತೂಕ ಇಷ್ಟು ಇಳಿದಿದೆ, ಥಯಮಿನ್ ಬೇಕಾಗುತ್ತದೆಯೇ?’ ಎಂದು ಕೇಳಿ.

8. ದಾರಿಯ ಯೋಜನೆ

ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಆರೋಗ್ಯವಂತರಿಗೇ ಹೊಟ್ಟೆ ತಿರುಗುತ್ತದೆ. ಮಾಮೂಲಿ ತಪಾಸಣೆಯನ್ನು ಘಾಟಿ ಇಳಿಯದೆ ಊರ ಕಡೆಯೇ ಮುಗಿಸಿಕೊಳ್ಳಿ: ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಹೆಚ್ಚಿನದಕ್ಕೆ ಶಿವಮೊಗ್ಗದ ಮೆಗ್ಗಾನ್. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇರುತ್ತದೆ. ಬಸ್ಸಿನಲ್ಲಿ ಮುಂದಿನ ಸೀಟು, ಕಿಟಕಿಯ ಪಕ್ಕ; ಕಣ್ಣು ಮುಂದಿನ ರಸ್ತೆಯ ಮೇಲಿರಲಿ, ಮೊಬೈಲ್ ಚೀಲದಲ್ಲಿರಲಿ. ಹೊರಡುವ ಮೊದಲು ಸ್ವಲ್ಪ ತಿಂದಿರಿ, ದಾರಿಗೆ ಅದೇ ಮಂಡಕ್ಕಿ.

ಮಳೆಗಾಲಕ್ಕೆ ಮುಂಚೆ ಮೂರು ವಿಷಯ ಮನೆಯಲ್ಲಿ ಮಾತಾಡಿ ಗೊತ್ತುಮಾಡಿಕೊಳ್ಳಿ. 108ಕ್ಕೆ ಫೋನ್ ಮಾಡಲು ಸಿಗ್ನಲ್ ಸಿಗುವ ದಿಬ್ಬ ಯಾವುದು. ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ. ಕಾಲುಸಂಕ ಮುಳುಗಿದರೆ ಅಲ್ಲಿಗೆ ತಲುಪಿಸುವ ಜೀಪು ಯಾರದು. ತಾಯಿ ಕಾರ್ಡ್, ತೂಕ ಬರೆದ ಕ್ಯಾಲೆಂಡರಿನ ಹಾಳೆ, ನುಂಗುತ್ತಿರುವ ಮಾತ್ರೆಗಳ ಪಟ್ಟಿ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ.

9. ಮನಸ್ಸು ಕುಸಿದಾಗ, ವಾಂತಿ ಇಳಿದಾಗ

ಎರಡು ತಿಂಗಳು ಬಿಡದೆ ವಾಂತಿಯಾದವಳಿಗೆ ಬಸುರೇ ಬೇಡವೆನಿಸುವುದುಂಟು. ಹಾಗೆ ಅನಿಸಿತೆಂದು ಅವಳು ಕೆಟ್ಟ ತಾಯಿಯಾಗುವುದಿಲ್ಲ. ಬಾಯಿಬಿಟ್ಟು ಹೇಳಲು ಮನೆಯಲ್ಲಿ ಯಾರೂ ಇಲ್ಲದಿದ್ದರೆ 14416ಕ್ಕೆ ಕರೆಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕರೆಗೆ ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ.

ನಾಲ್ಕನೆಯ ತಿಂಗಳಿಂದ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಆಗತಾನೇ ಇಳಿದ ವಾಕರಿಕೆ ಇದರಿಂದ ಮತ್ತೆ ಎದ್ದೀತು. ಎಸೆಯಬೇಡಿ, ರಾತ್ರಿ ಊಟದ ನಂತರ ನಿಂಬೆ ಪಾನಕದೊಂದಿಗೆ ನುಂಗಿ ಮಲಗಿ. ಹಾಲು, ಕಾಫಿ, ಚಹಾ ಅದರ ಆಸುಪಾಸಿನಲ್ಲಿ ಬೇಡ. ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಆದರೂ ನಿಲ್ಲದಿದ್ದರೆ ಬೇರೆ ಬಗೆಯ ಕಬ್ಬಿಣ ಕೊಡುವಂತೆ ಕೇಳಿ.

ಈ ಸಲ ಡ್ರಿಪ್‌ವರೆಗೆ ಹೋದವರಿಗೆ ಮುಂದಿನ ಬಸುರಿನಲ್ಲೂ ಹಾಗಾಗುವ ಸಂಭವ ಹೆಚ್ಚು. ಆ ಕ್ಯಾಲೆಂಡರ್ ಹಾಳೆಯನ್ನು ಎತ್ತಿಡಿ. ಮತ್ತೆ ಮುಟ್ಟು ನಿಂತ ವಾರವೇ, ವಾಂತಿ ಶುರುವಾಗುವುದಕ್ಕೆ ಮೊದಲು, ಅದನ್ನು ಹಿಡಿದು ವೈದ್ಯರ ಬಳಿ ಹೋಗಿ. ಮಾತ್ರೆಯನ್ನು ಮುಂಚಿತವಾಗಿ ಶುರುಮಾಡಿದರೆ ಎರಡನೆಯ ಸಲ ಅಷ್ಟು ಜೋರಾಗದಂತೆ ತಡೆಯಲು ಸಾಧ್ಯವಿದೆ.